ನಡುವಲ್ಲಿಲ್ಲದ ನೆತ್ತಿ: 12 ಮೀಟರ್ ಅಗಲದ ಅಡಿಕೆ ಶೆಡ್‌ಗೆ ಫ್ರೇಮ್ ಆಯ್ದು ನಿಲ್ಲಿಸಿದ ವಿವರ

ಜಾಗ ತೀರ್ಥಹಳ್ಳಿ ತಾಲ್ಲೂಕಿನದು. ಶೆಡ್ ಅಗಲ 12 ಮೀಟರ್, ಉದ್ದ 18 ಮೀಟರ್, ಉದ್ದ ಇರುವುದು ಉತ್ತರ–ದಕ್ಷಿಣಕ್ಕೆ. ಪಶ್ಚಿಮದಲ್ಲಿ ಎರಡು ಮೀಟರ್ ಬಿಟ್ಟರೆ ಬೇಲಿ, ಬೇಲಿಯಾಚೆ ಪಕ್ಕದವರ ತೋಟ. ಪೂರ್ವಕ್ಕೆ ಅಂಗಳ, ಟ್ರ್ಯಾಕ್ಟರ್ ಟ್ರೇಲರ್ ಬಂದು ತಿರುಗಬೇಕಾದ್ದು ಅಲ್ಲೇ. ಒಳಗಿನ ಪಶ್ಚಿಮದ 8 ಮೀಟರ್‌ನಲ್ಲಿ ಸುಲಿಯುವ ಯಂತ್ರ ಮತ್ತು ಮೂಟೆ ಪೇರಿಸುವ ಜಾಗ. ಪೂರ್ವದ ಗೋಡೆಯಿಂದ 4 ಮೀಟರ್ ಒಳಗೆ, ಉತ್ತರದ ತುದಿಯಲ್ಲಿ, ಅಡಿಕೆ ಬೇಯಿಸುವ ಹಂಡೆ.

ಇಂಥ ಜಾಗಕ್ಕೆ ಮೂರು ಬಗೆಯ ಚಾವಣಿ ಎದುರಿಗೆ ಬರುತ್ತವೆ. ನಡುವೆ ನೆತ್ತಿ (ಚಾವಣಿಯ ಅತಿ ಎತ್ತರದ ಗೆರೆ, ರಿಡ್ಜ್) ಇರುವ ಎರಡು ಇಳಿಜಾರು, ಒಂದೇ ಇಳಿಜಾರು, ಇಲ್ಲವೇ ನೆತ್ತಿ ಒಂದು ಪಕ್ಕಕ್ಕೆ ಸರಿದ ಎರಡು ಇಳಿಜಾರು. ಮೂರಕ್ಕೂ ಒಂದೇ ಇಳಿಜಾರಿನ ಅಳತೆ ಹಿಡಿದು ಲೆಕ್ಕ ಹಾಕಿದರೆ ಮಾತ್ರ ಹೋಲಿಕೆ ಸರಿಯಾಗುತ್ತದೆ. ಇಲ್ಲಿ ಹಿಡಿದದ್ದು 5ಕ್ಕೆ 1, ಅಂದರೆ 11.3 ಡಿಗ್ರಿ. ಶೀಟ್ ಮಾರುವವರು 5–6 ಡಿಗ್ರಿ ಸಾಕು ಎನ್ನುತ್ತಾರೆ. ಬಯಲುಸೀಮೆಗೆ ಅದು ಸಾಕಾದೀತು, ಆಗುಂಬೆಯ ಆಸುಪಾಸಿನ ಮಳೆಗೆ, ಅದೂ ನಡುವೆ ಜೋಡಣೆ ಇರುವ ಶೀಟ್‌ಗೆ, 10 ಡಿಗ್ರಿಗಿಂತ ಕೆಳಗಿಳಿಯುವುದು ಬೇಡ.

ಅಂಗಳದ ಕಡೆ ರೋಲಿಂಗ್ ಷಟರ್ ಬೇಕು. ತೆರವು ಎತ್ತರ 3.6 ಮೀಟರ್, ಅದರ ಮೇಲೆ ಷಟರ್ ಸುತ್ತಿಕೊಳ್ಳುವ ಪೆಟ್ಟಿಗೆಗೆ 450 ಮಿಲಿಮೀಟರ್. ಹಾಗಾಗಿ ಪೂರ್ವದ ಸೂರು 4.4 ಮೀಟರ್‌ಗೆ ಇರಲೇಬೇಕು. ನಡು ನೆತ್ತಿಯ ಚಾವಣಿಯಾದರೆ ಪಶ್ಚಿಮದ ಸೂರೂ 4.4 ಮೀಟರ್ ಆಗುತ್ತದೆ. ಮುಂಗಾರಿನ ಇರಚಲು ಹೊಡೆಯುವ ಗೋಡೆ ಅನಗತ್ಯವಾಗಿ 0.8 ಮೀಟರ್ ಎತ್ತರಿಸಿದಂತಾಗಿ, ಉದ್ದಕ್ಕೂ 14.4 ಚದರ ಮೀಟರ್ ಹೆಚ್ಚಿನ ಗೋಡೆ ಬೀಳುತ್ತದೆ. ಒಂದೇ ಇಳಿಜಾರಾದರೆ ಪಶ್ಚಿಮಕ್ಕೆ 3.6, ಪೂರ್ವಕ್ಕೆ 6.0 ಮೀಟರ್. ಅಂಗಳದ ಕಡೆ ಆರು ಮೀಟರ್ ಗೋಡೆ ಎಬ್ಬಿಸಬೇಕು, ಚಾವಣಿಯ ನೀರಷ್ಟೂ ಬೇಲಿಯ ಕಡೆಗೇ ಇಳಿಯುತ್ತದೆ.

ನೆತ್ತಿಯನ್ನು ಪೂರ್ವದಿಂದ 4, ಪಶ್ಚಿಮದಿಂದ 8 ಮೀಟರ್‌ಗೆ ಇಟ್ಟರೆ ಪಶ್ಚಿಮದ ಸೂರು 3.6, ನೆತ್ತಿ 5.2, ಪೂರ್ವದ ಸೂರು 4.4. ನೆತ್ತಿ ಸರಿಯಾಗಿ ಹಂಡೆಯ ಮೇಲೆ ಬರುತ್ತದೆ. ಬೇಯಿಸುವಾಗ ಏಳುವ ಹಬೆ ಶೀಟ್‌ನ ಅಡಿಗೆ ಹರಡಿಕೊಳ್ಳದೆ ನೇರ ಮೇಲೇರಿ ನೆತ್ತಿಯ ಕಿಂಡಿಯಿಂದ ಹೊರಬೀಳುತ್ತದೆ. ಈ ಶೆಡ್‌ಗೆ ಸರಿದ ನೆತ್ತಿಯನ್ನೇ ಆಯ್ದುಕೊಳ್ಳಲು ಷಟರ್‌ನ ಎತ್ತರದಷ್ಟೇ ತೂಕದ ಕಾರಣ ಇದು.

ಆರ್ಡರ್ ಕೊಡುವ ಮೊದಲು ಒಂದು ಮಾತು ಬಿಡಿಸಿಕೊಳ್ಳಲೇಬೇಕು. "ರಿಡ್ಜ್ ಪಕ್ಕಕ್ಕಿರಲಿ" ಎಂದಷ್ಟೇ ಹೇಳಿದರೆ ಫ್ಯಾಬ್ರಿಕೇಟರ್ (ಉಕ್ಕಿನ ಫ್ರೇಮ್ ಮಾಡಿಕೊಡುವವರು) ಅದನ್ನು ಎರಡು ರೀತಿ ತಿಳಿಯಬಹುದು. ಎರಡೂ ಕಡೆ ಇಳಿಜಾರು ಒಂದೇ, ಸೂರಿನ ಎತ್ತರ ಬೇರೆ ಎಂಬುದು ಒಂದು. ಎರಡೂ ಸೂರು ಒಂದೇ ಎತ್ತರ, ಇಳಿಜಾರು ಬೇರೆ ಎಂಬುದು ಇನ್ನೊಂದು. ನೋಡಲು ಅಣ್ಣತಮ್ಮಂದಿರಂತಿದ್ದರೂ ಕಟ್ಟುವಾಗ ಇವು ಬೇರೆಯೇ ಫ್ರೇಮ್‌ಗಳು. ಮೊದಲನೆಯದಕ್ಕೆ ಸೂತ್ರ ಸರಳ: ಸೂರುಗಳ ಎತ್ತರದ ವ್ಯತ್ಯಾಸ = ಇಳಿಜಾರು × (ಉದ್ದದ ಪಾಲು − ಗಿಡ್ಡ ಪಾಲು). ಇಲ್ಲಿ 0.2 × (8 − 4) = 0.8 ಮೀಟರ್. ನೆತ್ತಿಯ ಜಾಗವನ್ನು ಕಣ್ಣಳತೆಯಲ್ಲಿ ಆರಿಸಿ ಆಮೇಲೆ ಸೂರು ಹೊಂದಿಸಲು ಹೋದರೆ ಬಾಗಿಲು ತಗ್ಗುತ್ತದೆ, ಇಲ್ಲವೇ ಇಳಿಜಾರು ಸಾಲದಾಗುತ್ತದೆ. ಮೊದಲು ಎರಡು ಸೂರಿನ ಎತ್ತರ, ಆಮೇಲೆ ಕನಿಷ್ಠ ಇಳಿಜಾರು. ಇಷ್ಟು ಗಟ್ಟಿಯಾದರೆ ನೆತ್ತಿ ಎಲ್ಲಿ ಬೀಳಬೇಕೆಂದು ಲೆಕ್ಕವೇ ಹೇಳುತ್ತದೆ.

ಎರಡನೆಯ ಬಗೆಯಲ್ಲಿ, ಅಂದರೆ ಸೂರು ಸಮ ಇಟ್ಟು 8 ಮತ್ತು 4 ಮೀಟರ್ ಪಾಲು ಮಾಡಿದರೆ, ಒಂದು ಕಡೆ 11.3 ಡಿಗ್ರಿ, ಇನ್ನೊಂದು ಕಡೆ 21.8 ಡಿಗ್ರಿ ಆಗುತ್ತದೆ. ಆಗ ರಿಡ್ಜ್ ಕ್ಯಾಪ್ (ನೆತ್ತಿಯ ಸಂದು ಮುಚ್ಚುವ ಮಡಿಸಿದ ಶೀಟ್) ಬೇರೆಯಾಗಿ ಬಗ್ಗಿಸಿ ತರಿಸಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ಶೀಟ್ ಕೂರುವುದು ರಾಫ್ಟರ್‌ನ (ಕಂಬದ ತುದಿಯಿಂದ ನೆತ್ತಿಗೆ ಹೋಗುವ ಓರೆ ತೊಲೆ) ನಡುಗೆರೆಯ ಮೇಲಲ್ಲ, ಅದಕ್ಕಿಂತ 275 ಮಿ.ಮೀ. ಮೇಲೆ (ರಾಫ್ಟರ್‌ನ ಅರ್ಧ 125, ರಾಫ್ಟರ್‌ಗಳ ಮೇಲೆ ಅಡ್ಡಲಾಗಿ ಕೂತು ಶೀಟ್ ಹೊರುವ ಪರ್ಲಿನ್ 150). ಇಳಿಜಾರು ಬೇರೆ ಬೇರೆಯಾದಾಗ ಶೀಟ್‌ಗಳು ಕೂಡುವ ಗೆರೆ ಉಕ್ಕಿನ ನೆತ್ತಿಯ ನೇರಕ್ಕೆ ಬರದೆ ಗಿಡ್ಡ ಕಡೆಗೆ ಸುಮಾರು 26 ಮಿ.ಮೀ. ಸರಿಯುತ್ತದೆ. ಕ್ಯಾಪ್ ಒಂದು ಕಡೆ ಗಿಡ್ಡವಾಯಿತು ಎಂಬ ದೂರು ಹುಟ್ಟುವುದು ಇಲ್ಲಿಂದಲೇ. ಇಳಿಜಾರು ಎರಡೂ ಕಡೆ ಒಂದೇ ಆದರೆ ಈ ತಲೆನೋವಿಲ್ಲ.

ಟ್ರಸ್ (ಕಡ್ಡಿಗಳನ್ನು ತ್ರಿಕೋನಗಳಾಗಿ ಬೆಸೆದ ಚೌಕಟ್ಟು) ಬೇಡವೆಂದು ಪೋರ್ಟಲ್ ಫ್ರೇಮ್ (ಕಂಬ, ರಾಫ್ಟರ್ ಮೂಲೆಯಲ್ಲಿ ಬಿಗಿಯಾಗಿ ಕೂಡಿದ ಚೌಕಟ್ಟು) ಆಯ್ದದ್ದಕ್ಕೂ ನೆತ್ತಿಯ ಜಾಗವೇ ಕಾರಣ. ಪೈಪ್ ಟ್ರಸ್ ತೂಕದಲ್ಲಿ ಹಗುರ, ನಿಜ. ಆದರೆ ನೆತ್ತಿ ಸರಿದ ಟ್ರಸ್‌ನಲ್ಲಿ ಎಡಬಲದ ಕಡ್ಡಿಗಳು ಒಂದಕ್ಕೊಂದು ಸರಿಹೋಗುವುದಿಲ್ಲ, ಒಂದೊಂದನ್ನೂ ಬೇರೆ ಉದ್ದಕ್ಕೆ, ಬೇರೆ ಕೋನಕ್ಕೆ ಕತ್ತರಿಸಬೇಕು. ಐದು ಫ್ರೇಮ್‌ನ ಕೆಲಸದಲ್ಲಿ ಉಳಿಸಿದ ಉಕ್ಕಿನ ದುಡ್ಡು ಕತ್ತರಿಸುವ ಕೂಲಿಗೇ ಹೋಗುತ್ತದೆ. ಪೋರ್ಟಲ್‌ನಲ್ಲಿ ಎರಡು ಕಂಬ, ಎರಡು ರಾಫ್ಟರ್, ಒಟ್ಟು ನಾಲ್ಕು ಅಳತೆ ಅಷ್ಟೆ.

ಕಂಬ, ರಾಫ್ಟರ್ ಎರಡಕ್ಕೂ ಐಎಸ್ಎಂಬಿ 250 (250 ಮಿ.ಮೀ. ಎತ್ತರದ, I ಆಕಾರದ ಉಕ್ಕಿನ ತೊಲೆ), ಮೀಟರ್‌ಗೆ 37.3 ಕೆ.ಜಿ. ಕಂಬ 3.6 ಮತ್ತು 4.4, ರಾಫ್ಟರ್ 8.16 ಮತ್ತು 4.08, ಒಂದು ಫ್ರೇಮ್‌ಗೆ 20.24 ಮೀಟರ್, 755 ಕೆ.ಜಿ. ಪ್ಲೇಟ್, ಮೂಲೆಯ ಹಾಂಚ್ (ಮೂಲೆ ಬಲಪಡಿಸುವ ತ್ರಿಕೋನದ ತುಂಡು) ಸೇರಿ ಐದು ಫ್ರೇಮ್‌ಗೆ ಸುಮಾರು 4.2 ಟನ್. ಫ್ರೇಮ್‌ನಿಂದ ಫ್ರೇಮ್‌ಗೆ 4.5 ಮೀಟರ್, ನಾಲ್ಕು ಅಂಕಣ. ಸೆಕ್ಷನ್ ಗಾತ್ರ ಸ್ಟ್ರಕ್ಚರಲ್ ಎಂಜಿನಿಯರ್ ಐಎಸ್ 800 (ಉಕ್ಕಿನ ಕಟ್ಟಡಗಳ ಭಾರತೀಯ ಮಾನದಂಡ) ಪ್ರಕಾರ ಪರೀಕ್ಷಿಸಿ ಸಹಿ ಹಾಕಿದ್ದೇ ಆಗಿರಬೇಕು. ನಡು ನೆತ್ತಿಯ ಶೆಡ್‌ನ ಡ್ರಾಯಿಂಗ್ ತಂದು ನೆತ್ತಿಯನ್ನಷ್ಟೇ ಸರಿಸುವುದು ತಪ್ಪು. ಸರಿದ ನೆತ್ತಿಯ ಫ್ರೇಮ್‌ನಲ್ಲಿ ಕೆಳಮುಖದ ಬಾಗು ಅತಿ ಹೆಚ್ಚಾಗುವುದು ನೆತ್ತಿಯಲ್ಲಲ್ಲ, ಉದ್ದದ ರಾಫ್ಟರ್‌ನ ನಡುಭಾಗದ ಕಡೆ. ಆದ್ದರಿಂದ ಉದ್ದದ ರಾಫ್ಟರ್‌ಗೆ ನಡುವೆ ಜಾಯಿಂಟ್ ಕೊಡಬೇಡಿ. ಸೈಟ್‌ನಲ್ಲಿ ಕೂಡಿಸುವ ಬೋಲ್ಟ್ ಜೋಡಣೆ ನೆತ್ತಿಯಲ್ಲೇ ಇರಲಿ.

ತಳಪಾಯದ ಬಗ್ಗೆ ಒಂದು ತಪ್ಪು ನಂಬಿಕೆ ಇದೆ: ಉದ್ದದ ಇಳಿಜಾರಿನ ಕಡೆಯ ಕಂಬಕ್ಕೆ ಭಾರ ಹೆಚ್ಚು, ಅಲ್ಲಿ ದೊಡ್ಡ ಫುಟಿಂಗ್ ಬೇಕು ಎಂದು. ಭಾರ ಸಮನಾಗಿ ಹರಡಿದ್ದು ಎರಡೂ ಬುಡ ಒಂದೇ ಮಟ್ಟದಲ್ಲಿ ಪಿನ್ ಬೇಸ್ (ತುಸು ತಿರುಗಲು ಬಿಡುವ ಬುಡ) ಆಗಿದ್ದರೆ, ನೆತ್ತಿ ಎಲ್ಲೇ ಇರಲಿ ಎರಡೂ ಕಂಬಕ್ಕೆ ಲಂಬ ಭಾರ ಅರ್ಧರ್ಧ. ಬುಡವನ್ನು ಹೊರಕ್ಕೆ ತಳ್ಳುವ ಬಲವೂ ಎರಡೂ ಕಡೆ ಸಮ. ವ್ಯತ್ಯಾಸ ಹುಟ್ಟುವುದು ಪಕ್ಕಕ್ಕೆ ಬೀಸುವ ಗಾಳಿಗೆ. ಒಂದೇ ಸೆಕ್ಷನ್‌ನ ಎರಡು ಕಂಬಗಳ ತುದಿ ಒಂದೇ ಅಳತೆ ಸರಿದರೆ ಗಿಡ್ಡ ಕಂಬ ಉದ್ದದ ಕಂಬದ 1.8 ಪಟ್ಟು ಬಲ ಎಳೆದುಕೊಳ್ಳುತ್ತದೆ (4.4 ಭಾಗಿಸು 3.6, ಅದರ ಘನ). ಪಶ್ಚಿಮದ ಗಿಡ್ಡ ಕಂಬ ಚಿಕ್ಕದೆಂದು ಅಲ್ಲಿ ಸೆಕ್ಷನ್ ಇಳಿಸುವವರು ಇದನ್ನು ಗಮನಿಸಬೇಕು.

ಮಲೆನಾಡಿನ ಹಗುರ ಶೆಡ್‌ಗೆ ಭಾರಕ್ಕಿಂತ ದೊಡ್ಡ ಶತ್ರು ಮೇಲಕ್ಕೆ ಎಳೆಯುವ ಗಾಳಿ. ಗಾಳಿಯ ಭಾರದ ಮಾನದಂಡವಾದ ಐಎಸ್ 875ರ ಮೂರನೆಯ ಭಾಗದಲ್ಲಿ ಬೆಂಗಳೂರಿಗೆ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. 33 ಹಿಡಿದರೆ ಒತ್ತಡ 0.6 × 33 × 33, ಚದರ ಮೀಟರ್‌ಗೆ 653 ನ್ಯೂಟನ್. ಗುಡ್ಡದ ನೆತ್ತಿಯ ಜಾಗವಾದರೆ ಇದಕ್ಕೂ ಹೆಚ್ಚು ಹಿಡಿಯಬೇಕು. ಷಟರ್ ತೆರೆದಿದ್ದಾಗ ಒಳಗಿನಿಂದಲೂ ಗಾಳಿ ನೂಕುತ್ತದೆ. ಚಾವಣಿಯ ಸ್ವಂತ ತೂಕ ಕಳೆದರೂ ಇಂಥ ಫ್ರೇಮ್‌ನ ಒಂದೊಂದು ಬುಡಕ್ಕೆ ಎರಡು ಟನ್ ಆಸುಪಾಸಿನ ಮೇಲೆಳೆತ ಬರಬಹುದು. ಅದಕ್ಕಾಗಿ 1.2 × 1.2 ಮೀಟರ್, 400 ಮಿ.ಮೀ. ದಪ್ಪದ ಫುಟಿಂಗ್, ಅದರ ಮೇಲೆ 0.9 ಮೀಟರ್ ಮಣ್ಣು ಹಾಕಿ ದಮ್ಮಸ್ಸು. ಕಾಂಕ್ರೀಟ್ 1.4 ಟನ್, ಮಣ್ಣು ಸುಮಾರು 2 ಟನ್ ತೂಗುತ್ತವೆ. ಮಣ್ಣನ್ನು ಪದರಪದರವಾಗಿ ನೀರು ಹಾಕಿ ಬಡಿಯದೆ ಒಟ್ಟಿಗೆ ಸುರಿದರೆ ಆ ಎರಡು ಟನ್ ಕಾಗದದ ಮೇಲಷ್ಟೇ ಇರುತ್ತದೆ. ಹತ್ತು ಫುಟಿಂಗ್, ಅದರ ಮೇಲಿನ ಗಿಡ್ಡ ಕಂಬ (ಪೆಡೆಸ್ಟಲ್) ಸೇರಿ 7.5 ಘನ ಮೀಟರ್ ಎಂ20 ಕಾಂಕ್ರೀಟ್, ಸುಮಾರು 60 ಚೀಲ ಸಿಮೆಂಟ್. ಕಂಬಕ್ಕೆ ನಾಲ್ಕರಂತೆ 20 ಮಿ.ಮೀ.ನ 40 ಫೌಂಡೇಶನ್ ಬೋಲ್ಟ್, 600 ಮಿ.ಮೀ. ಆಳಕ್ಕೆ ಹೂತದ್ದು.

ಇನ್ನು ಫ್ಯಾಬ್ರಿಕೇಶನ್. ಸಮತಟ್ಟಾದ ನೆಲದ ಮೇಲೆ ಫ್ರೇಮ್‌ನ ಪೂರ್ಣ ಅಳತೆಯ ಗುರುತು ಹಾಕಿ, ಅದರ ಮೇಲೇ ಐದೂ ಫ್ರೇಮ್ ಕೂಡಿಸಬೇಕು. ನಡು ನೆತ್ತಿಯ ಫ್ರೇಮ್‌ಗೆ ಅಭ್ಯಾಸವಾದ ಕೈಗಳು ಮೊದಲು ಮಾಡುವ ಕೆಲಸ ಎರಡು ಕರ್ಣ ಅಳೆದು ಸಮ ಬಂತೇ ನೋಡುವುದು. ಇಲ್ಲಿ ಸಮ ಬಂದರೆ ಫ್ರೇಮೇ ತಪ್ಪಿದೆ ಎಂದರ್ಥ. ನಡುಗೆರೆಯ ಮೇಲೆ ಹಿಡಿಯಬೇಕಾದ ಅಳತೆಗಳು ಇವು: ಪಶ್ಚಿಮದ ಬುಡದಿಂದ ಪೂರ್ವದ ಸೂರಿಗೆ 12,781 ಮಿ.ಮೀ. ಪೂರ್ವದ ಬುಡದಿಂದ ಪಶ್ಚಿಮದ ಸೂರಿಗೆ 12,528. ಪಶ್ಚಿಮದ ಬುಡದಿಂದ ನೆತ್ತಿಗೆ 9,541, ಪೂರ್ವದ ಬುಡದಿಂದ ನೆತ್ತಿಗೆ 6,560. ಸೂರಿನಿಂದ ಸೂರಿಗೆ 12,027. ಈ ಐದು ಅಂಕಿಗಳನ್ನು ಕೆಲಸದ ಜಾಗದ ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ. ಮೂರು ಮಿ.ಮೀ.ಗಿಂತ ಹೆಚ್ಚು ತಪ್ಪಿದರೆ ಟ್ಯಾಕ್ ವೆಲ್ಡ್ ಬಿಚ್ಚಿ ಮತ್ತೆ ಕೂಡಿಸಬೇಕು, ಎಳೆದು ಬಗ್ಗಿಸಿ ಹೊಂದಿಸಬಾರದು.

ಪರ್ಲಿನ್ ಹಿಡಿಯುವ ಕ್ಲೀಟ್ (ಉಕ್ಕಿನ ಚಿಕ್ಕ ತುಂಡು) ಬೆಸೆಯುವ ಮೊದಲೇ ಶೀಟ್‌ನ ಉದ್ದ ಗೊತ್ತಿರಬೇಕು. ಇಲ್ಲಿ ಎಡವುವವರೇ ಹೆಚ್ಚು. ಉದ್ದದ ಇಳಿಜಾರು ಸೂರಿನ ಚಾಚು ಸೇರಿ ಒಂಬತ್ತು ಮೀಟರ್ ದಾಟುತ್ತದೆ. ಅಷ್ಟುದ್ದದ ಒಂದೇ ಶೀಟ್ ಹೊತ್ತ ಲಾರಿ ಘಾಟಿಯ ತಿರುವಿನಲ್ಲಿ, ತೋಟದ ದಾರಿಯಲ್ಲಿ ತಿರುಗುವುದೇ ಕಷ್ಟ. ಹಾಗಾಗಿ ಎರಡು ತುಂಡು, ನಡುವೆ 200 ಮಿ.ಮೀ. ಮೇಲುಹೊದಿಕೆ. ನೆತ್ತಿ ಮೂರನೇ ಒಂದು ಪಾಲಿನಲ್ಲಿದ್ದರೆ ಇಲ್ಲೊಂದು ಲಾಭ ತಾನಾಗಿ ಸಿಗುತ್ತದೆ. ಪಶ್ಚಿಮಕ್ಕೆ 0.9 ಮೀಟರ್, ಪೂರ್ವಕ್ಕೆ 0.55 ಮೀಟರ್ ಚಾಚು ಇಟ್ಟರೆ ಮೂರೂ ಸಾಲಿಗೆ (ಪಶ್ಚಿಮಕ್ಕೆ ಎರಡು, ಪೂರ್ವಕ್ಕೆ ಒಂದು) 4.65 ಮೀಟರ್‌ನ ಒಂದೇ ಶೀಟ್ ಸಾಕು. ನೆತ್ತಿಯಲ್ಲಿ 50 ಮಿ.ಮೀ. ಬಿಟ್ಟು ಶುರುಮಾಡಿದರೆ ಪಶ್ಚಿಮದಲ್ಲಿ ಶೀಟ್ ಚಾಚಿನ ತುದಿ ದಾಟಿ 74, ಪೂರ್ವದಲ್ಲಿ 60 ಮಿ.ಮೀ. ಗಟರ್ ಒಳಕ್ಕೆ ಇಣುಕುತ್ತದೆ. ಗೇಬಲ್ (ಉತ್ತರ, ದಕ್ಷಿಣ ತುದಿಯ ಗೋಡೆ) ಕಡೆ ತಲಾ 0.3 ಮೀಟರ್ ಚಾಚು ಸೇರಿ 18.6 ಮೀಟರ್ ಉದ್ದಕ್ಕೆ ಒಂದು ಮೀಟರ್ ಹೊದೆಯುವ ಶೀಟ್ 19, ಮೂರು ಸಾಲಿಗೆ 57. ಎಲ್ಲವೂ 0.5 ಮಿ.ಮೀ. ಕಲರ್ ಕೋಟೆಡ್.

ಈಗ ಪರ್ಲಿನ್. ಶೀಟ್‌ನ ಮೇಲುಹೊದಿಕೆ ಪರ್ಲಿನ್ ಮೇಲೆಯೇ ಬೀಳಬೇಕು. ಉದ್ದದ ಇಳಿಜಾರನ್ನು ಸುಮ್ಮನೆ ಏಳು ಸಮಭಾಗ ಮಾಡಿದರೆ ಅಂತರ 1.275 ಮೀಟರ್ ಬರುತ್ತದೆ, ನೋಡಲು ಚೆಂದ. ಆದರೆ ಜೋಡಣೆಯ ನಡುಗೆರೆ ನೆತ್ತಿಯಿಂದ 4.60 ಮೀಟರ್‌ಗೆ ಇದೆ, ಅದರ ಹತ್ತಿರದ ಪರ್ಲಿನ್ 3.975 ಮತ್ತು 5.25ರಲ್ಲಿ. ಜೋಡಣೆ ಗಾಳಿಯಲ್ಲಿ ತೇಲುತ್ತದೆ. ಯಾರಾದರೂ ಮೇಲೆ ಕಾಲಿಟ್ಟ ಕೂಡಲೇ ಕೆಳಗಿನ ಶೀಟ್ ತಗ್ಗಿ ಸಂದು ಬಾಯಿಬಿಡುತ್ತದೆ, ಎಷ್ಟು ಸಿಲಿಕಾನ್ ತುಂಬಿದರೂ ಎರಡನೇ ಮಳೆಗಾಲಕ್ಕೆ ಸೋರುತ್ತದೆ. ಆದ್ದರಿಂದ ಮೊದಲ ಪರ್ಲಿನ್ ನೆತ್ತಿಯಿಂದ 0.15 ಮೀಟರ್‌ಗೆ, ಐದನೆಯದು 4.60ಕ್ಕೆ, ಒಂಬತ್ತನೆಯದು 9.03ಕ್ಕೆ ಎಂದು ಮೂರು ಗುರುತು ಮೊದಲು ಇಟ್ಟು ನಡುವಿನವನ್ನು ಹಂಚಬೇಕು. ಅಂತರ 1.11 ಮೀಟರ್ ಬರುತ್ತದೆ. ಗಿಡ್ಡ ಇಳಿಜಾರಿಗೂ 0.15ರಿಂದ 4.60ರವರೆಗೆ ಅದೇ ಅಂತರದ ಐದು. ಒಟ್ಟು 14 ಸಾಲು, 260 ಮೀಟರ್, ಝಡ್ 150 (Z ಆಕಾರದ, 150 ಮಿ.ಮೀ. ಎತ್ತರದ ಪರ್ಲಿನ್), 1.6 ಮಿ.ಮೀ. ದಪ್ಪ. ಝಡ್‌ನ ಮೇಲಿನ ತುಟಿ ಯಾವಾಗಲೂ ನೆತ್ತಿಯ ಕಡೆಗೆ ನೋಡಬೇಕು, ಎರಡು ಇಳಿಜಾರಿನಲ್ಲೂ. ತಿರುಗಿಸಿ ಹಾಕಿದರೆ ಪರ್ಲಿನ್ ಕೆಳಕ್ಕೆ ಹೊರಳಲು ನೋಡುತ್ತದೆ. ಪ್ರತಿ ಅಂಕಣದ ನಡುವೆ, ಪರ್ಲಿನ್ ಜೋಲದಂತೆ ಹಿಡಿಯುವ 12 ಮಿ.ಮೀ. ಸ್ಯಾಗ್ ರಾಡ್ ಒಂದು ಸಾಲು.

ನಿಲ್ಲಿಸುವ ದಿನ ಹೈಡ್ರಾ (ಕ್ರೇನ್) ಬಂದ ಮೇಲೆ ಯೋಚಿಸುತ್ತ ಕೂರಲಾಗದು. ಉತ್ತರದಿಂದ ಎರಡನೆಯ ಅಂಕಣದಲ್ಲಿ ಷಟರ್ ಇದೆ. ಹಾಗಾಗಿ ಕ್ರಾಸ್ ಬ್ರೇಸಿಂಗ್ (ಫ್ರೇಮ್ ಓಲದಂತೆ ಕತ್ತರಿಯಾಕಾರದಲ್ಲಿ ಬಿಗಿಯುವ ರಾಡ್) ಮೂರನೆಯ ಅಂಕಣಕ್ಕೆ, ಮೊದಲು ನಿಲ್ಲಬೇಕಾದ್ದೂ ಅದರ ಎರಡು ಬದಿಯ ಫ್ರೇಮ್‌ಗಳೇ. ಎರಡು ನಿಂತು, ಪರ್ಲಿನ್ ನಾಲ್ಕಾರು ಕಟ್ಟಿ, 16 ಮಿ.ಮೀ. ರಾಡ್ ಬಿಗಿಯಾಗುವವರೆಗೆ ಕ್ರೇನ್ ಬಿಡಬಾರದು. ಗೋಡೆಯ ರಾಡ್‌ಗಳ ಉದ್ದವೂ ಎರಡು ಕಡೆ ಬೇರೆ: ಪಶ್ಚಿಮಕ್ಕೆ 5.76 ಮೀಟರ್, ಪೂರ್ವಕ್ಕೆ 6.29.

ಎರಡು ರಾಫ್ಟರ್‌ಗಳನ್ನು ನೆಲದಲ್ಲೇ ಬೋಲ್ಟ್ ಹಾಕಿ ಕೂಡಿಸಿ ಎತ್ತುವಾಗ ನೆತ್ತಿಗೆ ಕೊಕ್ಕೆ ಹಾಕುವ ಅಭ್ಯಾಸ ಇಲ್ಲಿ ಅಪಾಯ. ಅರ್ಧ ಟನ್ ತೂಕದ ಈ ಜೋಡಿಯ ತೂಕದ ಕೇಂದ್ರ ಇರುವುದು ಅಗಲದ ನಟ್ಟನಡುವೆ, ನೆತ್ತಿಯಿಂದ ಎರಡು ಮೀಟರ್ ಉದ್ದದ ಕೈಯ ಕಡೆಗೆ. ನೆತ್ತಿಗೆ ಹಿಡಿದು ಎತ್ತಿದರೆ ಉದ್ದದ ತುದಿ ಧೊಪ್ಪನೆ ಕೆಳಗೆ, ಗಿಡ್ಡ ತುದಿ ಮೇಲೆ. ಎರಡು ಕಾಲಿನ ಸ್ಲಿಂಗ್ ಹಾಕಿ, ಕೊಕ್ಕೆ ಪಶ್ಚಿಮದ ತುದಿಯಿಂದ 6 ಮೀಟರ್‌ನ ನೇರಕ್ಕೆ ಬರುವಂತೆ ನೋಡಿ. ರಾಫ್ಟರ್ ಮೇಲೆ ಅಲ್ಲೊಂದು ಬಿಳಿ ಗೆರೆ ಬಳಿದರೆ ಕ್ರೇನಿನವರಿಗೆ ಕೂಗಿ ಹೇಳಬೇಕಾಗಿಲ್ಲ. ಎರಡೂ ತುದಿಗೆ ಹಗ್ಗ ಕಟ್ಟಿ ಕೆಳಗಿನಿಂದ ಹಿಡಿಯಲು ಇಬ್ಬರು ಬೇಕೇಬೇಕು.

ಬೇಸ್ ಪ್ಲೇಟ್‌ನ ತೂತುಗಳು ಎರಡೂ ಕಂಬಕ್ಕೆ ಒಂದೇ ಆದ್ದರಿಂದ ಫ್ರೇಮ್ ಹಿಂದುಮುಂದಾದರೂ ಬೋಲ್ಟ್‌ಗೆ ಕೂತುಬಿಡುತ್ತದೆ. ಉದ್ದಗಿಡ್ಡ ಕಣ್ಣಿಗೇ ಕಾಣುವುದರಿಂದ ಇಡೀ ಫ್ರೇಮ್ ತಿರುಗುವುದು ಅಪರೂಪ. ತಪ್ಪುವುದು ಬ್ರೇಸಿಂಗ್ ಪ್ಲೇಟ್ ಮತ್ತು ಗೇಬಲ್ ಕ್ಲೀಟ್‌ಗಳು, ಒಳಮುಖ ಹೊರಮುಖ ಅದಲುಬದಲಾಗಿ. ಪ್ರತಿ ಕಂಬದ ಉತ್ತರದ ಮುಖಕ್ಕೆ ಬಾಣದ ಗುರುತು ಹೊಡೆದು, ಫ್ರೇಮ್ ಸಂಖ್ಯೆ ಬರೆದು ಕಳಿಸಿದರೆ ಮೇಲೆ ಹತ್ತಿ ಗ್ಯಾಸ್ ಕಟರ್ ಹಿಡಿಯುವ ಪ್ರಸಂಗ ಬಾರದು. ಗೇಬಲ್ ಗೋಡೆಯ ಪೋಸ್ಟ್‌ಗಳು ಪಶ್ಚಿಮದಿಂದ 4 ಮತ್ತು 8 ಮೀಟರ್‌ಗೆ. ಆ ಜಾಗಗಳಲ್ಲಿ ರಾಫ್ಟರ್ ನಡುಗೆರೆಯ ಎತ್ತರ 4.4 ಮತ್ತು 5.2.

ಶೀಟ್‌ಗಿಂತ ಮೊದಲು ಗಟರ್. ಗಂಟೆಗೆ 150 ಮಿ.ಮೀ. ಮಳೆ ಹಿಡಿದರೆ ಪಶ್ಚಿಮದ ಇಳಿಜಾರಿನಿಂದ ಸೆಕೆಂಡಿಗೆ ಸುಮಾರು 7 ಲೀಟರ್, ಪೂರ್ವದಿಂದ 3.5 ಲೀಟರ್. ಅಂಗಡಿಯಲ್ಲಿ ಎರಡೂ ಕಡೆಗೆ ಒಂದೇ ಗಟರ್ ತಂದು ಎರಡೆರಡು ಪೈಪ್ ಇಳಿಸುವುದು ರೂಢಿ. ಉದ್ದದ ಕಡೆಗೆ ಅದು ಸಾಲದು. ಪಶ್ಚಿಮಕ್ಕೆ 200 ಮಿ.ಮೀ. ಅಗಲ, 150 ಆಳದ ಗಟರ್, 110 ಮಿ.ಮೀ. ಪಿವಿಸಿ ಪೈಪ್ ಮೂರು, ತುದಿಯಿಂದ 3, 9, 15 ಮೀಟರ್‌ಗೆ. ಮೂರೂ ಹರಿಯುತ್ತಿದ್ದರೆ ಬಾಯಿಯ ಬಳಿ ನೀರು ಸುಮಾರು 30 ಮಿ.ಮೀ. ನಿಲ್ಲುತ್ತದೆ. ಅಡಿಕೆ ಹಾಳೆಯ ಚೂರು ಸಿಕ್ಕಿ ಒಂದು ಕಟ್ಟಿದರೆ 40. ಅಂಚು ಮೀರುವ ಭಯವಿಲ್ಲ. ಎರಡೇ ಪೈಪ್ ಇದ್ದು ಒಂದು ಕಟ್ಟಿಕೊಂಡರೆ ನೀರು ಬೇಲಿಯಾಚೆ ಹಾರಬಹುದು, ನೆರೆಯವರ ಜೊತೆ ಮನಸ್ತಾಪ ಅಲ್ಲಿಂದಲೇ ಶುರು. ಗಟರ್‌ನ ಹೊರ ಅಂಚು ಒಳ ಅಂಚಿಗಿಂತ 20 ಮಿ.ಮೀ. ತಗ್ಗಿರಲಿ. ತುಂಬಿ ಹರಿದರೂ ಹೊರಗೆ ಚೆಲ್ಲಬೇಕೇ ಹೊರತು ಗೋಡೆಯೊಳಕ್ಕೆ ಬರಬಾರದು.

ಶೀಟ್ ಹೊದಿಸುವುದನ್ನು ಉತ್ತರದ ತುದಿಯಿಂದ ಶುರುಮಾಡಿ ದಕ್ಷಿಣಕ್ಕೆ ಬರಬೇಕು. ನೈಋತ್ಯದ ಗಾಳಿಗೆ ಪಕ್ಕದ ಜೋಡಣೆಯ ಬಾಯಿ ಬೆನ್ನು ಹಾಕಿದಂತಿರುತ್ತದೆ. ಮೊದಲ ಶೀಟನ್ನು ಸೂರಿಗೆ ಲಂಬಕೋನದಲ್ಲಿ ಕೂರಿಸಲು 3–4–5 ಅಳತೆ ಹಿಡಿಯಿರಿ. ಎರಡು ಇಳಿಜಾರಿನ ಶೀಟ್‌ಗಳ ಏಣುಗಳು (ಉಬ್ಬುಗೆರೆಗಳು) ನೆತ್ತಿಯಲ್ಲಿ ಎದುರುಬದುರಾಗಿ ಕೂಡಬೇಕು, ಇಲ್ಲದಿದ್ದರೆ ಹಲ್ಲು ಕತ್ತರಿಸಿದ ರಿಡ್ಜ್ ಕ್ಯಾಪ್ ಒಂದು ಕಡೆ ಕೂರುವುದೇ ಇಲ್ಲ. ಅದಕ್ಕಾಗಿ ಒಂದು ಇಳಿಜಾರು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗದೆ, ಮೂರು ನಾಲ್ಕು ಶೀಟ್‌ಗೊಮ್ಮೆ ಎರಡೂ ಕಡೆ ಒಟ್ಟೊಟ್ಟಿಗೆ ಮುಂದುವರಿಯುವುದು ಒಳ್ಳೆಯದು. ಸ್ಕ್ರೂ ಏಣಿನ ಮೇಲೆ, ಇಪಿಡಿಎಂ (ಮಳೆಬಿಸಿಲು ತಡೆಯುವ ರಬ್ಬರ್) ವಾಷರ್ ಇರುವಂಥದ್ದು: ಪರ್ಲಿನ್‌ಗೆ ಸುಮಾರು 1,100, ಪಕ್ಕದ ಜೋಡಣೆಗೆ 450 ಮಿ.ಮೀ.ಗೊಂದರಂತೆ 550. ವಾಷರ್ ಲೋಹದ ಅಂಚಿನವರೆಗೆ ಹರಡಿ ನಿಂತರೆ ಸಾಕು. ಅಂಚು ಮೀರಿ ಉಬ್ಬಿದರೆ ಬಿಗಿ ಹೆಚ್ಚಾಗಿದೆ, ಏಣು ತಗ್ಗಿ ಆ ಗುಂಡಿಯಲ್ಲೇ ನೀರು ನಿಲ್ಲುತ್ತದೆ. ಮೇಲುಹೊದಿಕೆಯ 200 ಮಿ.ಮೀ. ಒಳಗೆ ಬ್ಯೂಟೈಲ್ ಟೇಪ್ (ಅಂಟುವ ರಬ್ಬರ್ ಪಟ್ಟಿ) ಎರಡು ಸಾಲು, ಸ್ಕ್ರೂ ಸಾಲಿನ ಮೇಲೊಂದು ಕೆಳಗೊಂದು. ಕೊರೆದ ಕಬ್ಬಿಣದ ಪುಡಿಯನ್ನು ಅದೇ ಸಂಜೆ ಗುಡಿಸಿ ತೆಗೆಯಬೇಕು. ಒಂದು ರಾತ್ರಿಯ ಇಬ್ಬನಿ ಸಾಕು, ಹೊಸ ಶೀಟ್ ತುಂಬ ತುಕ್ಕಿನ ಚುಕ್ಕೆ.

ಹಂಡೆಯ ಮೇಲಿನ ಮೂರು ಮೀಟರ್ ಉದ್ದಕ್ಕೆ ರಿಡ್ಜ್ ಕ್ಯಾಪನ್ನು ಮಡಿಕೆಯ ಕಾಲುಗಳ ಮೇಲೆ 150 ಮಿ.ಮೀ. ಎತ್ತರಿಸಿ, ಎರಡೂ ಕಡೆ 300 ಮಿ.ಮೀ. ಚಾಚಿ ಕೂರಿಸಿದೆ. ಅಡಿಯಲ್ಲಿ ಶೀಟ್‌ನ ತುದಿಯನ್ನು ಮೇಲಕ್ಕೆ ಮಡಿಸಿದ್ದರಿಂದ ಇರಚಲು ಒಳಗೆ ನುಗ್ಗುವುದಿಲ್ಲ. ಆ ಅಂಕಣದ ಉಕ್ಕಿಗೆ ಮಾತ್ರ ಎಪಾಕ್ಸಿ ಪ್ರೈಮರ್ ಎರಡು ಕೋಟ್. ಚೊಗರಿನ (ಅಡಿಕೆ ಬೇಯಿಸಿದ ಒಗರು ನೀರಿನ) ಹಬೆಗೆ ಸಾಮಾನ್ಯ ರೆಡ್ ಆಕ್ಸೈಡ್ ನಿಲ್ಲುವುದಿಲ್ಲ. ಕ್ಯಾಪ್‌ನ ಅಡಿಯ ಸ್ಕ್ರೂಗಳನ್ನು ಪ್ರತಿ ಕೊಯ್ಲಿನ ನಂತರ ಏಣಿ ಹಾಕಿ ನೋಡಬೇಕು, ತಲೆ ಕಂದಿದವನ್ನು ಆಗಲೇ ಬದಲಿಸಬೇಕು.